ಕೊಟ್ಟೆಯ ಹಾಲು ಮತ್ತು ನಮ್ಮ ಮನಸ್ಸಾಕ್ಷಿ



ಭಾನುವಾರದ ಪೂಜೆ ಮುಗಿದಿದೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ನಿಮ್ಮ ತಾಯಿ ಹಾಸಿಗೆ ಹಿಡಿದಿದ್ದಾರೆ. ಅವರಿಗೆ ಪೂಜೆಗೆ ಬರಲಾಗಿಲ್ಲ. ಬೊಬ್ರುವಾಡಕ್ಕೆ ಮರಳುವ ಮೊದಲು ಅಂಕೋಲಾ ಪೇಟೆಯ ಹೋಟೆಲೊಂದರ ಮುಂದೆ ನಿಂತು "ಎರಡು ಹಾಲು, ಪಾರ್ಸಲ್" ಎನ್ನುತ್ತೀರಿ. ಹೋಟೆಲಿನ ಹುಡುಗ ಕುದಿಯುವ ಹಾಲನ್ನು ತೆಳುವಾದ ಪ್ಲಾಸ್ಟಿಕ್ ಕೊಟ್ಟೆಗೆ ಸುರಿದು, ಬಾಯಿಗೆ ರಬ್ಬರ್ ಬ್ಯಾಂಡು ಸುತ್ತಿ ಕೈಗೆ ಕೊಡುತ್ತಾನೆ. ಮುಟ್ಟಿದರೆ ಕೈ ಸುಡುತ್ತದೆ. ಮನೆಗೆ ಬಂದು ಅದನ್ನು ಲೋಟಕ್ಕೆ ಬಗ್ಗಿಸಿ, ತಾಯಿಯ ತಲೆಯನ್ನು ಮೆಲ್ಲಗೆ ಎತ್ತಿ ಹಿಡಿದು ಕುಡಿಸುತ್ತೀರಿ.

ಇದು ಪ್ರೀತಿಯ ಕೆಲಸ. ನಾಲ್ಕನೆಯ ದೈವಾಜ್ಞೆ ಕೇಳುವುದು ಇದನ್ನೇ. ಆದರೆ ಆ ಲೋಟದಲ್ಲಿ ಹಾಲಿನ ಜೊತೆಗೆ ನೀವು ಕೊಡಬೇಕೆಂದಿಲ್ಲದ ಇನ್ನೇನೋ ಒಂದಿಷ್ಟು ನಿಮ್ಮ ತಾಯಿಯ ಹೊಟ್ಟೆಗೆ ಹೋಗಿರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ಗೊತ್ತಾಗುವುದಿಲ್ಲ. ಅದರಿಂದ ನಾಳೆಯೇ ಯಾರಿಗೂ ಏನೂ ಆಗುವುದಿಲ್ಲ. ಹೀಗಿರುವಾಗ, ಇದನ್ನು ತಪ್ಪು ಎನ್ನಬಹುದೇ? ತಪ್ಪಾದರೆ ಅದು ಯಾರದು? ನಿಮ್ಮದೇ, ಆ ಹುಡುಗನದೇ, ಕೊಟ್ಟೆ ಮಾಡಿದವರದೇ, ಅಥವಾ ಯಾರದೂ ಅಲ್ಲವೇ?

ಆರೋಗ್ಯದ ಪುಟಕ್ಕೆ ಸೇರಬೇಕಾದ ಮಾತು ವಿಶ್ವಾಸದ ಪುಟಕ್ಕೆ ಏಕೆ ಬಂತು ಎಂದು ನೀವು ಕೇಳಬಹುದು. ಹಳೆಯ ಪಾಪಗಳಿಗೆ ಮುಖವಿತ್ತು. ಹಾಲಿಗೆ ನೀರು ಬೆರೆಸಿದವನಿಗೆ ತಾನು ಮಾಡಿದ್ದು ಗೊತ್ತಿರುತ್ತಿತ್ತು, ಪಾಪನಿವೇದನೆಯಲ್ಲಿ ಹೇಳಲು ಅವನಿಗೆ ಒಂದು ಮಾತಿರುತ್ತಿತ್ತು. ಇಂದು ನಮ್ಮಿಂದ ನಡೆಯುವ ಎಷ್ಟೋ ಕೇಡುಗಳು ಹಾಗಿಲ್ಲ. ಅವು ಸಣ್ಣವು, ಅಸ್ಪಷ್ಟವಾದವು, ಸಾವಿರ ಕೈಗಳಲ್ಲಿ ಹಂಚಿಹೋದವು. ಅಂಥ ಕೇಡಿನ ಮುಂದೆ ಕ್ರೈಸ್ತನ ಮನಸ್ಸಾಕ್ಷಿ ಹೇಗೆ ನಡೆದುಕೊಳ್ಳಬೇಕು? ಹಾಲಿನ ಕೊಟ್ಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನಾವು ಸ್ವಲ್ಪ ಯೋಚಿಸೋಣ.

ಮೊದಲು ಸಂಗತಿ ಏನೆಂದು ತಿಳಿಯೋಣ. ಪ್ಲಾಸ್ಟಿಕ್ ಎಂಬುದು ಉದ್ದುದ್ದ ಸರಪಳಿಯಂಥ ಅಣುಗಳಿಂದ ಆದದ್ದು. ಆ ಸರಪಳಿಗಳು ದೊಡ್ಡವು, ಇದ್ದ ಜಾಗ ಬಿಟ್ಟು ಏಳುವುದಿಲ್ಲ. ಆದರೆ ಅವುಗಳ ನಡುನಡುವೆ ಸಣ್ಣ ಅಣುಗಳು ಇರುತ್ತವೆ. ಮೆದುವಾಗಲೆಂದು ಬೆರೆಸಿದ ವಸ್ತು, ಬೇಗ ಹಾಳಾಗದಿರಲೆಂದು ಬೆರೆಸಿದ ವಸ್ತು, ಬಣ್ಣ, ಹೊರಗೆ ಅಚ್ಚು ಹಾಕಿದ ಶಾಯಿ, ಸರಪಳಿಗೆ ಸೇರದೆ ಬಿಡಿಯಾಗಿ ಉಳಿದ ಕಚ್ಚಾ ಅಣು ಇವೆಲ್ಲ ಆ ಗುಂಪಿನವು. ಇವುಗಳನ್ನು ಯಾರೂ ಕಟ್ಟಿಹಾಕಿಲ್ಲ. ದಾರಿ ಸಿಕ್ಕರೆ ಅವು ಮೆಲ್ಲಮೆಲ್ಲನೆ ಹೊರಗೆ ಬಂದು ಆಹಾರಕ್ಕೆ ಸೇರುತ್ತವೆ.

ನಂಬಿಕೆ ಬಾರದಿದ್ದರೆ ನಿಮ್ಮ ಅಡುಗೆಮನೆಯನ್ನೇ ನೋಡಿ. ಉಪ್ಪಿನಕಾಯಿ ಇಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಮೀನಿನ ಸಾರು ಹಾಕಿಟ್ಟ ಡಬ್ಬಿಯ ಅರಿಶಿನ ಬಣ್ಣ ತಿಕ್ಕಿದರೂ ಬಿಡುವುದಿಲ್ಲ. ಅಂದರೆ ಆಹಾರದಲ್ಲಿದ್ದದ್ದು ಪ್ಲಾಸ್ಟಿಕ್ಕಿನ ಒಳಗೆ ಹೋಗಿದೆ. ಒಳಗೆ ಹೋಗಲು ದಾರಿ ಇದ್ದರೆ ಹೊರಗೆ ಬರಲೂ ದಾರಿ ಇದೆ.

ಎಷ್ಟು ಹೊರಬರುತ್ತದೆ ಎಂಬುದು ಮುಖ್ಯವಾಗಿ ಮೂರು ಸಂಗತಿಗಳ ಮೇಲೆ ನಿಂತಿದೆ: ಬಿಸಿ, ಜಿಡ್ಡು ಮತ್ತು ಹೊತ್ತು. ಬಿಸಿ ಹೆಚ್ಚಿದಷ್ಟೂ ಅಣುಗಳು ಬೇಗ ಓಡಾಡುತ್ತವೆ. ಈ ಸಣ್ಣ ವಸ್ತುಗಳಲ್ಲಿ ಹೆಚ್ಚಿನವು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಹೆಚ್ಚು ಹೊತ್ತು ಇಟ್ಟರೆ ಹೆಚ್ಚು ಇಳಿಯುತ್ತವೆ. ಹಾಲು, ಮೊಸರು, ಬೆಣ್ಣೆ, ತುಪ್ಪಗಳ ವಿಷಯದಲ್ಲಿ ನಾವು ವಿಶೇಷ ಗಮನ ಕೊಡಬೇಕಾದದ್ದು ಈ ಕಾರಣಕ್ಕೆ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 4 ಭಾಗ ಕೊಬ್ಬಿದ್ದರೆ ಬೆಣ್ಣೆಯಲ್ಲಿ 80 ಭಾಗ, ತುಪ್ಪವಂತೂ ಬಹುತೇಕ ಪೂರ್ತಿ ಕೊಬ್ಬೇ.

ಪಿ.ವಿ.ಸಿ.ಯನ್ನು ಮೆದು ಮಾಡಲು ಬಳಸುವ ಥ್ಯಾಲೇಟ್ ಎಂಬ ವಸ್ತುಗಳು ಹಾಲಿನ ಕೊಬ್ಬಿಗೆ ಬೇಗ ಸೇರುತ್ತವೆ. ಹಾಲು ಕರೆಯುವ ಯಂತ್ರದ ಮೆದು ಕೊಳವೆಗಳಿಂದಲೂ ಅವು ಹಾಲಿಗೆ ಇಳಿದದ್ದನ್ನು ಯುರೋಪಿನಲ್ಲಿ ಕಂಡಿದ್ದಾರೆ. ಮೊಸರು, ಐಸ್‌ಕ್ರೀಮುಗಳಿಗೆ ಬಳಸುವ ಕೆಲವು ಬಿಳಿ ಕಪ್ಪುಗಳಿಂದ ಸ್ಟೈರೀನ್ ಬರುತ್ತದೆ. ಕನ್ನಡಿಯಂತೆ ಹೊಳೆಯುವ ಗಟ್ಟಿ ಪಾಲಿಕಾರ್ಬನೇಟ್ ಬಾಟಲಿಗಳಿಂದ ಬಿಸ್ಫಿನಾಲ್-ಎ ಬರುತ್ತದೆ. ಥ್ಯಾಲೇಟುಗಳಲ್ಲಿ ಕೆಲವು ಮತ್ತು ಬಿಸ್ಫಿನಾಲ್ ದೇಹದ ಹಾರ್ಮೋನುಗಳ ಕೆಲಸಕ್ಕೆ ಅಡ್ಡ ಬರಬಲ್ಲವು ಎಂಬುದು ವಿಜ್ಞಾನಿಗಳ ಚಿಂತೆ. ಈ ಚಿಂತೆ ದೊಡ್ಡವರಿಗಿಂತ ಮಕ್ಕಳ ವಿಷಯದಲ್ಲಿ ಹೆಚ್ಚು. ತನ್ನ ತೂಕಕ್ಕೆ ಹೋಲಿಸಿದರೆ ಮಗು ಕುಡಿಯುವ ಹಾಲು ಬಹಳ, ಮತ್ತು ಅದರ ದೇಹ ಇನ್ನೂ ಬೆಳೆಯುತ್ತಿದೆ.

ಹೀಗೆಂದ ಕೂಡಲೇ ಬೆಳಗಿನ ನಂದಿನಿ ಹಾಲಿನ ಕೊಟ್ಟೆಯನ್ನು ಕಂಡು ಹೆದರಬೇಡಿ. ಅದಕ್ಕೆ ನ್ಯಾಯ ಸಲ್ಲಲೇಬೇಕು. ಹಾಲಿನ ಕೊಟ್ಟೆ ಪಾಲಿಥೀನಿನದು. ಪಾಲಿಥೀನ್ ತಾನಾಗಿಯೇ ಮೆದು, ಅದಕ್ಕೆ ಥ್ಯಾಲೇಟ್ ಬೆರೆಸಬೇಕಾಗಿಲ್ಲ. ಒಳಗಿನ ಹಾಲು ತಣ್ಣಗಿರುತ್ತದೆ, ಒಂದೆರಡು ದಿನದಲ್ಲಿ ಮುಗಿಯುತ್ತದೆ. ಅಷ್ಟೇ ಅಲ್ಲ, 1974ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಆರಂಭವಾದ ಹೈನು ಯೋಜನೆ ಮುಂದೆ ಹಾಲು ಮಹಾಮಂಡಲವಾಗಿ ಬೆಳೆದು, ಎರಡು ಹಸು ಸಾಕಿದ ಬಡ ಹೆಂಗಸಿನ ಹಾಲಿಗೂ ಬೆಲೆ ಸಿಗುವಂತೆ ಮಾಡಿತು. ಪಾಶ್ಚೀಕರಿಸಿದ ಹಾಲು ಊರೂರಿಗೂ ತಲುಪಿತು. ಹಸಿ ಹಾಲಿನಿಂದ ಬರಬಹುದಾದ ಕಾಯಿಲೆಗಳ ಭಯ ತಗ್ಗಿತು. ಈ ಉಪಕಾರವನ್ನು ಮರೆತು ಮಾತಾಡಿದರೆ ಅದು ಕೃತಘ್ನತೆಯಾಗುತ್ತದೆ.

ತೊಂದರೆ ಇರುವುದು ನಾವು ಆ ಕೊಟ್ಟೆಗೆ ಅದರದಲ್ಲದ ಕೆಲಸ ಕೊಟ್ಟಾಗ. ಗಟ್ಟಿಯಾದ ಹಾಲಿನ ಕೊಟ್ಟೆಯನ್ನು ಹಾಗೆಯೇ ಕುದಿಯುವ ನೀರಿಗೆ ಹಾಕುತ್ತೇವೆ. ಖಾಲಿ ಕೊಟ್ಟೆ ತೊಳೆದು ಅದರಲ್ಲಿ ಬೆಣ್ಣೆ ಕಟ್ಟಿಡುತ್ತೇವೆ. ಐಸ್‌ಕ್ರೀಮಿನ ಡಬ್ಬಿಗೆ ಆಗಷ್ಟೇ ಕಾಸಿದ ತುಪ್ಪ ಸುರಿಯುತ್ತೇವೆ. ಬಿಸಿ ಹಾಲು, ಚಹಾ, ಪಾಯಸಗಳನ್ನು ತಿನ್ನುವ ವಸ್ತುವಿಗೆಂದು ತಯಾರಾಗದ ತೆಳು ಚೀಲಕ್ಕೆ ಸುರಿಸಿಕೊಂಡು ಬರುತ್ತೇವೆ. ಬಿಸಿ, ಜಿಡ್ಡು, ಹೊತ್ತು ಮೂರೂ ಅಲ್ಲಿ ಕೂಡುತ್ತವೆ.

ಕಾನೂನು ಏನು ಹೇಳುತ್ತದೆ? ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಪ್ಯಾಕಿಂಗ್ ನಿಯಮಗಳನ್ನು ಪ್ರಕಟಿಸಿತು. ಅದರ ಪ್ರಕಾರ ಪ್ಲಾಸ್ಟಿಕ್ಕಿನಿಂದ ಒಂದು ಕಿಲೋ ಆಹಾರಕ್ಕೆ ಒಟ್ಟು 60 ಮಿಲಿಗ್ರಾಮಿಗಿಂತ ಹೆಚ್ಚು ಇಳಿಯಬಾರದು. ಅದು ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ. ಹಾನಿಕರವೆಂದು ಗುರುತಿಸಿದ ಕೆಲವು ವಸ್ತುಗಳಿಗೆ ಇನ್ನೂ ಬಿಗಿಯಾದ ಮಿತಿ ಇದೆ. ನಮ್ಮ ರಾಜ್ಯ ಸರಕಾರ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಕೈಚೀಲ, ಲೋಟ, ತಟ್ಟೆಗಳನ್ನು ನಿಷೇಧಿಸಿತ್ತು. 2025ರ ಫೆಬ್ರವರಿಯಲ್ಲಿ ಆಹಾರ ಸುರಕ್ಷತಾ ಇಲಾಖೆಯವರು ಹೋಟೆಲುಗಳನ್ನು ಪರಿಶೀಲಿಸಿದಾಗ, ಇಡ್ಲಿ ತಟ್ಟೆಗೆ ಹತ್ತಿ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಹಬೆಯಲ್ಲಿ ಬೇಯಿಸುತ್ತಿದ್ದದ್ದು ಹಲವು ಕಡೆ ಸಿಕ್ಕಿತು. ಸರಕಾರ ಅದನ್ನೂ ನಿಷೇಧಿಸಿತು.

ಇಲ್ಲೊಂದು ಸಂಗತಿ ಗಮನಿಸಿ. ಮಿತಿ 60 ಎಂದರೆ ಸೊನ್ನೆ ಅಲ್ಲ. ಸ್ವಲ್ಪ ಇಳಿಯುತ್ತದೆ ಎಂಬುದನ್ನು ಒಪ್ಪಿಕೊಂಡೇ ಕಾನೂನು ಮಾತಾಡುತ್ತದೆ. ಅಲ್ಲದೆ, ಯಾವ ಬಿಸಿಗೆ, ಎಷ್ಟು ದಿನಕ್ಕೆ ಎಂದು ಪರೀಕ್ಷಿಸಿರುತ್ತಾರೋ ಅಷ್ಟಕ್ಕೆ ಮಾತ್ರ ಆ ಭರವಸೆ. ಹೀಗಾಗಿ, ಕಾನೂನು ಮುಗಿದಲ್ಲಿಂದ ಮನಸ್ಸಾಕ್ಷಿಯ ಕೆಲಸ ಶುರುವಾಗುತ್ತದೆ.

ಇನ್ನು ತಪ್ಪು ಯಾರದು ಎಂಬ ಪ್ರಶ್ನೆಗೆ ಬರೋಣ. 2005ರ ನವೆಂಬರಿನಲ್ಲಿ ಇಟಲಿಯ ಅಧಿಕಾರಿಗಳು ಸುಮಾರು 3 ಕೋಟಿ ಲೀಟರ್ ಶಿಶು ಹಾಲನ್ನು ವಶಪಡಿಸಿಕೊಂಡರು. ಹಾಲು ನೆಸ್ಲೆ ಕಂಪನಿಯದು, ಪೊಟ್ಟಣ ಟೆಟ್ರಾ ಪ್ಯಾಕ್ ಕಂಪನಿಯದು. ಹಾಲಿನಲ್ಲಿ ಐ.ಟಿ.ಎಕ್ಸ್. ಎಂಬ ವಸ್ತು ಸಿಕ್ಕಿತ್ತು. ಅದು ಪೊಟ್ಟಣದ ಹೊರಗೆ ಅಚ್ಚು ಹಾಕಿದ ಶಾಯಿಯನ್ನು ಬೇಗ ಒಣಗಿಸಲು ಬಳಸುವ ವಸ್ತು. ಹೊರಗಿನ ಶಾಯಿ ಒಳಗಿನ ಹಾಲಿಗೆ ಹೇಗೆ ಬಂತು? ಅಚ್ಚಾದ ಹಾಳೆಯನ್ನು ಸುರುಳಿ ಸುತ್ತಿದಾಗ ಒಂದು ಸುತ್ತಿನ ಹೊರಮೈ ಮುಂದಿನ ಸುತ್ತಿನ ಒಳಮೈಗೆ ಒತ್ತಿಕೊಂಡಿತ್ತು. ಆ ಒಳಮೈಯ ಪ್ಲಾಸ್ಟಿಕ್ ಪದರ ಅದನ್ನು ಹೀರಿಕೊಂಡು ಮುಂದೆ ಹಾಲಿಗೆ ಬಿಟ್ಟಿತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಪರಿಶೀಲಿಸಿ, ಆ ಪ್ರಮಾಣದಿಂದ ಆರೋಗ್ಯಕ್ಕೆ ಅಪಾಯ ಕಾಣುವುದಿಲ್ಲ ಎಂದಿತು.

ಯಾರೂ ಹಾಲಿಗೆ ಏನನ್ನೂ ಬೆರೆಸಲಿಲ್ಲ. ಶಾಯಿಯವನು ಶಾಯಿ ಮಾಡಿದ, ಅಚ್ಚಿನವನು ಅಚ್ಚು ಹಾಕಿದ, ಸುತ್ತುವವನು ಸುತ್ತಿದ, ತುಂಬುವವನು ತುಂಬಿದ, ತಾಯಿ ಕುಡಿಸಿದಳು. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಮಾಡಿದರು. ಮಗುವಿನ ಹಾಲಿಗೆ ಶಾಯಿಯ ವಸ್ತು ಸೇರಿತು. ಕೊನೆಗೆ ಯಾರಿಗೂ ಹಾನಿಯಾಗಲಿಲ್ಲ ಎಂದರೂ, ಅದು ಯಾರೊಬ್ಬರ ಎಚ್ಚರದಿಂದಲೂ ಅಲ್ಲ. ಇಂಥಲ್ಲಿ "ನಾನೇನು ಮಾಡಿದೆ?" ಎಂದು ಎಲ್ಲರೂ ಕೇಳಬಹುದು. ಪಿಲಾತನೂ ಹಾಗೆಯೇ ಕೈ ತೊಳೆದುಕೊಂಡ.

ಇಲ್ಲಿ ನಮ್ಮ ಮನಸ್ಸು ತಪ್ಪಿಸಿಕೊಳ್ಳಲು ಮೂರು ದಾರಿ ಹುಡುಕುತ್ತದೆ. ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು ಭಕ್ತಿಯ ಮಾತಿನಂತೆಯೇ ಕೇಳಿಸುತ್ತದೆ. "ಬಾಯೊಳಗೆ ಹೋಗುವಂಥದ್ದು ಮನುಷ್ಯನನ್ನು ಮಲಿನ ಮಾಡುವುದಿಲ್ಲವೆಂದು ಪ್ರಭು ಯೇಸುವೇ ಹೇಳಿದ್ದಾರಲ್ಲ, ಹಾಲಿನ ಕೊಟ್ಟೆಯ ಮಾತು ಏಕೆ?" ಸಂತ ಮತ್ತಾಯನ ಶುಭಸಂದೇಶದ 15ನೆಯ ಅಧ್ಯಾಯವನ್ನು ಪೂರ್ತಿ ಓದಿ. ಊಟಕ್ಕೆ ಮೊದಲು ಕೈ ತೊಳೆಯುವ ಸಂಪ್ರದಾಯವನ್ನು ಹಿಡಿದು ವಾದಕ್ಕೆ ಬಂದವರಿಗೆ ಪ್ರಭು ಕೊಟ್ಟ ಉತ್ತರ ಅದು. ಅದೇ ಅಧ್ಯಾಯದಲ್ಲಿ ಅವರು ತಂದೆತಾಯಿಗಳನ್ನು ನೋಡಿಕೊಳ್ಳುವ ಹೊಣೆಯಿಂದ ನೆಪ ಹೇಳಿ ನುಣುಚಿಕೊಳ್ಳುವವರನ್ನು ಖಂಡಿಸುತ್ತಾರೆ. ಮಲಿನ ಮಾಡುವುದು ಹೃದಯದಿಂದ ಹೊರಡುವಂಥದ್ದು ಎನ್ನುತ್ತಾರೆ. ಹಾಗಾದರೆ ಹಾಲಿಗೆ ಇಳಿದ ಥ್ಯಾಲೇಟ್ ಕುಡಿದವರ ಆತ್ಮವನ್ನು ಮಲಿನ ಮಾಡುವುದಿಲ್ಲ, ನಿಜ. ಆದರೆ "ಯಾರಿಗೇನಾದರೆ ನನಗೇನು" ಎಂಬ ಅಸಡ್ಡೆ ಹೊರಡುವುದು ಎಲ್ಲಿಂದ? ಹೃದಯದಿಂದಲೇ ಅಲ್ಲವೇ? ಮಾಲಿನ್ಯ ಅಲ್ಲಿದೆ.

ಎರಡನೆಯ ದಾರಿ: "ನನಗೆ ಗೊತ್ತಿರಲಿಲ್ಲ." ಇದು ಒಮ್ಮೊಮ್ಮೆ ಪೂರಾ ಸತ್ಯ. ಮಾರಕ ಪಾಪವಾಗಲು ವಿಷಯ ಗಂಭೀರವಾಗಿರಬೇಕು, ಪೂರ್ಣ ತಿಳಿವಳಿಕೆ ಇರಬೇಕು, ಮನಃಪೂರ್ವಕ ಒಪ್ಪಿಗೆ ಇರಬೇಕು ಎಂದು ನಾವು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಆದರೆ 13ನೆಯ ಶತಮಾನದಲ್ಲೇ ಸಂತ ತೋಮಸ್ ಅಕ್ವಿನಾಸರು ಅಜ್ಞಾನದಲ್ಲಿ ಬಗೆಗಳಿವೆಯೆಂದು ತೋರಿಸಿದರು. ಎಷ್ಟು ಯತ್ನಿಸಿದರೂ ತಿಳಿಯಲಾಗದ್ದು ಒಂದು ಬಗೆ, ಅದರಲ್ಲಿ ದೋಷವಿಲ್ಲ. ತಿಳಿಯಬಹುದಾಗಿದ್ದು, ತಿಳಿಯಬೇಕಾಗಿದ್ದೂ ಉದಾಸೀನದಿಂದ ತಿಳಿಯದೆ ಉಳಿದದ್ದು ಇನ್ನೊಂದು ಬಗೆ, ಅದರಲ್ಲಿ ದೋಷವಿದೆ. ತಿಳಿದರೆ ಅಭ್ಯಾಸ ಬಿಡಬೇಕಾದೀತೆಂದು ಬೇಕೆಂದೇ ಕಣ್ಣು ಮುಚ್ಚಿಕೊಂಡದ್ದು ಎಲ್ಲಕ್ಕಿಂತ ಕೆಟ್ಟದ್ದು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ, ಸತ್ಯವನ್ನು ಅರಿಯಲು ಶ್ರಮಪಡದವನ ಅಜ್ಞಾನಕ್ಕೆ ಅವನೇ ಹೊಣೆಯಾಗಬಹುದೆಂದು ಬೋಧಿಸುತ್ತದೆ.

ಈ ಭೇದ ತಾಯಂದಿರಿಗೆ ಸಾಂತ್ವನ ತರಬೇಕು. ಮಕ್ಕಳಿಗೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಸಿ ಹಾಲು ಕುಡಿಸಿ ಬೆಳೆಸಿದ ಎಷ್ಟೋ ತಾಯಂದಿರು ಇದನ್ನು ಓದುತ್ತಿರಬಹುದು. ಯುರೋಪಿನ ಒಕ್ಕೂಟ ಪಾಲಿಕಾರ್ಬನೇಟ್ ಶಿಶು ಬಾಟಲಿಗಳನ್ನು ನಿಷೇಧಿಸಿದ್ದು 2011ರಲ್ಲಿ. ನಮ್ಮ ದೇಶದ ಮಾನಕ ಸಂಸ್ಥೆ ಅದನ್ನು ತನ್ನ ನಿಯಮದಿಂದ ಹೊರಗಿಟ್ಟದ್ದು 2015ರಲ್ಲಿ. ತಜ್ಞರಿಗೇ ತಡವಾಗಿ ತಿಳಿದದ್ದು ಅಂಕೋಲೆಯ ಒಬ್ಬ ತಾಯಿಗೆ ಮೊದಲೇ ತಿಳಿಯಬೇಕಿತ್ತೆಂದು ದೇವರು ಕೇಳುವುದಿಲ್ಲ. ಮಗನಿಗೆ ಬಂದ ಕಾಯಿಲೆಗೆ ನಾನು ಕೊಟ್ಟ ಬಾಟಲಿಯೇ ಕಾರಣವೇನೋ ಎಂದು ಯಾರಾದರೂ ಒಳಗೊಳಗೇ ಕೊರಗುತ್ತಿದ್ದರೆ, ಆ ಕೊರಗನ್ನು ಇಂದೇ ಬಿಟ್ಟುಬಿಡಿ. ಒಂದು ಬಾಟಲಿಯಿಂದ ಒಬ್ಬನ ಒಂದು ಕಾಯಿಲೆಗೆ ಗೆರೆ ಎಳೆದು ತೋರಿಸಲು ಯಾವ ವೈದ್ಯರಿಂದಲೂ ಆಗದು. ನೀವು ಕೊಟ್ಟದ್ದು ಹಾಲು, ಕೊಟ್ಟದ್ದು ಪ್ರೀತಿಯಿಂದ. ಆತ್ಮಶೋಧನೆ ಬೇರೆ, ಆತ್ಮಪೀಡನೆ ಬೇರೆ.

ಆದರೆ ತಿಳಿವಳಿಕೆ ಬೆಳೆದಂತೆ ಹೊಣೆಯೂ ಬೆಳೆಯುತ್ತದೆ. ಬಿಸ್ಫಿನಾಲ್-ಎ ವಿಷಯವನ್ನೇ ನೋಡಿ. ಮನುಷ್ಯ ತನ್ನ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 50 ಮೈಕ್ರೋಗ್ರಾಮಿನವರೆಗೆ ಸೇವಿಸಿದರೂ ಭಯವಿಲ್ಲ ಎಂದು ಯುರೋಪಿನ ಪ್ರಾಧಿಕಾರ 2006ರಲ್ಲಿ ಹೇಳಿತು. 2015ರಲ್ಲಿ ಅದನ್ನು 4ಕ್ಕೆ ಇಳಿಸಿತು. 2023ರಲ್ಲಿ ಅದನ್ನೂ ಇಪ್ಪತ್ತು ಸಾವಿರ ಪಾಲು ತಗ್ಗಿಸಿತು. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ, ಜರ್ಮನಿಯ ಸಂಸ್ಥೆಯೊಂದು ಅಷ್ಟು ತಗ್ಗಿಸುವ ಅಗತ್ಯವಿಲ್ಲವೆಂದಿದೆ. ಹಾಗಾದರೆ ಜಗಳ ತೀರುವವರೆಗೆ ಕಾಯೋಣವೇ? ಪೋಪ್ ಫ್ರಾನ್ಸಿಸ್ ಅವರು 2015ರ ಮೇ 24ರಂದು ಸಹಿ ಮಾಡಿದ "ಲೌದಾತೊ ಸಿ" ವಿಶ್ವಪತ್ರದಲ್ಲಿ ಇದಕ್ಕೆ ಉತ್ತರವಿದೆ. ದೊಡ್ಡ ಹಾನಿಯ ಸಂಭವವಿದ್ದಾಗ ಪೂರ್ಣ ಪುರಾವೆ ಸಿಕ್ಕಿಲ್ಲವೆಂಬ ನೆಪದಿಂದ ಮುನ್ನೆಚ್ಚರಿಕೆಯನ್ನು ಮುಂದೂಡಬಾರದೆಂಬ ತತ್ತ್ವವನ್ನು ಅವರು ಎತ್ತಿಹಿಡಿದರು. ಹಾನಿ ಇದೆಯೆಂದು ದುರ್ಬಲರು ಸಾಬೀತು ಮಾಡಬೇಕಾಗಿಲ್ಲ, ಹಾನಿ ಇಲ್ಲವೆಂದು ಲಾಭ ಪಡೆಯುವವರು ತೋರಿಸಬೇಕು ಎಂಬುದು ಅದರ ತಿರುಳು.

ಮೂರನೆಯ ದಾರಿ: "ನನ್ನದೊಂದು ಕೊಟ್ಟೆಯಿಂದ ಏನಾದೀತು?" ಇದು ಎಲ್ಲಕ್ಕಿಂತ ಜಾರು ದಾರಿ, ಏಕೆಂದರೆ ಲೆಕ್ಕದಲ್ಲಿ ಅದು ಸರಿಯಾಗಿಯೇ ಕಾಣುತ್ತದೆ. ಒಂದು ಸಲದ ಬಿಸಿ ಹಾಲಿನಿಂದ ನಿಜಕ್ಕೂ ಏನೂ ಆಗದಿರಬಹುದು. ಆದರೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯನ್ನು ನೆನೆಯಿರಿ. ಆ ಎರಡು ಕಾಸಿನಿಂದ ದೇವಾಲಯದ ಖಜಾನೆಗೆ ಏನಾಯಿತು? ಏನೂ ಆಗಲಿಲ್ಲ. ಆದರೂ ಪ್ರಭು ಶಿಷ್ಯರನ್ನು ಕರೆದು ಅದನ್ನೇ ತೋರಿಸಿದರು. ಸಣ್ಣ ಒಳಿತು ದೇವರ ಲೆಕ್ಕಕ್ಕೆ ಬರುತ್ತದೆಂದು ನಂಬುವ ನಾವು, ಸಣ್ಣ ಅಸಡ್ಡೆ ಮಾತ್ರ ಲೆಕ್ಕಕ್ಕೆ ಬರುವುದಿಲ್ಲವೆಂದು ಹೇಗೆ ಹೇಳೋಣ? ಬಲಿಪೂಜೆಯ ಆರಂಭದಲ್ಲಿ ಎದೆ ತಟ್ಟಿಕೊಳ್ಳುವಾಗ ಮಾಡಿದ್ದಕ್ಕಾಗಿ ಮಾತ್ರವಲ್ಲ, ಮಾಡದೆ ಬಿಟ್ಟದ್ದಕ್ಕಾಗಿಯೂ ನಾವು ಕ್ಷಮೆ ಕೇಳುತ್ತೇವೆ. ಮನೆಯಿಂದ ಒಂದು ಪಾತ್ರೆ ಒಯ್ಯದೆ ಬಿಟ್ಟದ್ದೂ ಅದರಲ್ಲಿ ಸೇರಬಹುದು.

ಇಷ್ಟು ಹೇಳಿದ ಮೇಲೆ ಒಂದು ಕಷ್ಟದ ಮಾತು ಉಳಿದಿದೆ. ಮನೆಯಲ್ಲಿ ಒಂದೆರಡು ಎಮ್ಮೆ ಕಟ್ಟಿ, ಮೊಸರು ಮಾಡಿ, ಕೊಟ್ಟೆಯಲ್ಲಿ ಕಟ್ಟಿ ಮಾರಿ ಜೀವನ ಸಾಗಿಸುವ ಒಬ್ಬ ಅಕ್ಕನನ್ನು ಊಹಿಸಿಕೊಳ್ಳಿ. ಈ ಲೇಖನ ಓದಿ ನೀವು ಅವರ ಬಳಿ ಮೊಸರು ಕೊಳ್ಳುವುದನ್ನು ಬಿಟ್ಟರೆ ಏನಾಯಿತು? ನಿಮ್ಮ ಮನಸ್ಸಾಕ್ಷಿ ಶುದ್ಧವಾಯಿತು, ಅವರ ಮಕ್ಕಳ ಶಾಲೆಯ ಖರ್ಚಿಗೆ ಪೆಟ್ಟು ಬಿತ್ತು. ಇದು ಧರ್ಮವೇ? ಗಾಜಿನ ಭರಣಿ, ಸ್ಟೀಲ್ ಡಬ್ಬ ಕೊಳ್ಳುವುದು ಉಳ್ಳವರಿಗೆ ಸುಲಭ. ಆ ಅಕ್ಕ ಕೊಟ್ಟೆ ಹಿಡಿದದ್ದು ದುರಾಸೆಯಿಂದಲ್ಲ. ಹಿಂದೆ ಅವರಂಥವರು ತಂಬಿಗೆಯಿಂದ ಅಳೆದು ಕೊಡುತ್ತಿದ್ದರು, ನಾವು ಪಾತ್ರೆ ಒಯ್ಯುತ್ತಿದ್ದೆವು. ಬರಿಗೈಯಲ್ಲಿ ಹೋಗತೊಡಗಿದವರು ನಾವು. ನಮ್ಮ ಸೋಮಾರಿತನಕ್ಕೆ ಅವರು ಕೊಟ್ಟೆ ಒದಗಿಸಿದರು.

ಹೆಚ್ಚು ಪಡೆದವನಿಂದ ಹೆಚ್ಚು ನಿರೀಕ್ಷಿಸಲಾಗುವುದೆಂದು ಪ್ರಭು ಬೋಧಿಸಿದ್ದಾರೆ (ಲೂಕ 12:48). ಈ ಅಳತೆಯಿಂದ ನೋಡಿದರೆ ಮೊದಲನೆಯ ಹೊಣೆ ಆಹಾರಕ್ಕೆಂದು ಪ್ಲಾಸ್ಟಿಕ್ ತಯಾರಿಸಿ ಲಾಭ ಪಡೆಯುವವರದು. ಅದರಲ್ಲಿ ಏನೇನಿದೆಯೆಂದು ಅವರಿಗೆ ಗೊತ್ತು. ಎರಡನೆಯದು ನಿಯಮ ಬರೆದು ಜಾರಿ ಮಾಡಬೇಕಾದವರದು. ಮೂರನೆಯದು ಓದಿ ತಿಳಿದ ನಮ್ಮಂಥವರದು. ಕಟ್ಟಕಡೆಗೆ, ಎಲ್ಲರಿಗಿಂತ ಕಡಿಮೆ, ಆ ಮೊಸರಿನ ಅಕ್ಕನದು ಮತ್ತು ಹೋಟೆಲಿನ ಹುಡುಗನದು. ದಂಡ ಮಾತ್ರ ಹೆಚ್ಚಾಗಿ ತಿರುಗುಮುರುಗಾಗಿ ಬೀಳುತ್ತದೆ. ಆದುದರಿಂದ ಅವರನ್ನು ಗದರಿಸಿ ಮನೆಗೆ ಬರಬೇಡಿ. ಅವರಲ್ಲಿಯೇ ಕೊಳ್ಳಿ, ಪಾತ್ರೆ ಒಯ್ದು ಕೊಳ್ಳಿ. "ಅಕ್ಕಾ, ಇನ್ನು ಮೇಲೆ ಇದರಲ್ಲೇ ಹಾಕಿಕೊಡಿ" ಎಂದು ನಗುತ್ತ ಹೇಳಿ. ಅವರಿಗೆ ಕೊಟ್ಟೆಯ ಖರ್ಚೂ ಉಳಿಯುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡೋಣ? ಬಹಳವೇನೂ ಇಲ್ಲ. ಬಿಸಿ ಹಾಲು, ಚಹಾ, ಪಾಯಸ ಯಾವುದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಬೇಡಿ. ಪೇಟೆಗೆ ಹೋಗುವಾಗ ಸಣ್ಣದೊಂದು ಮುಚ್ಚಳದ ಸ್ಟೀಲ್ ಡಬ್ಬ ಜೊತೆಗಿರಲಿ. ತಂದ ಹಾಲನ್ನು ಕೊಟ್ಟೆ ಕತ್ತರಿಸಿ ಪಾತ್ರೆಗೆ ಸುರಿದೇ ಕಾಯಿಸಿ, ಕೊಟ್ಟೆ ಸಹಿತ ಬಿಸಿನೀರಿಗೆ ಹಾಕಬೇಡಿ. ಬೆಣ್ಣೆ ತುಪ್ಪಗಳನ್ನು ಗಾಜು, ಪಿಂಗಾಣಿ ಅಥವಾ ಸ್ಟೀಲಿನಲ್ಲಿ ಇಡಿ. ಮೊಸರಿಗೆ ಮಣ್ಣಿನ ಗಡಿಗೆ ಇಂದಿಗೂ ಒಳ್ಳೆಯದು. ಡಬ್ಬಿಯ ತಳದಲ್ಲಿರುವ ತ್ರಿಕೋನದ ಒಳಗಿನ ಅಂಕಿ ನೋಡಿ: 3 ಎಂದರೆ ಪಿ.ವಿ.ಸಿ., 6 ಎಂದರೆ ಪಾಲಿಸ್ಟೈರೀನ್, 7ರಲ್ಲಿ ಪಾಲಿಕಾರ್ಬನೇಟ್ ಸೇರಿರಬಹುದು. ಇವುಗಳಲ್ಲಿ ಬಿಸಿಯಾದದ್ದನ್ನೂ ಜಿಡ್ಡಿನದನ್ನೂ ಇಡಬೇಡಿ. ಧರ್ಮಕೇಂದ್ರದ ಹಬ್ಬದಲ್ಲಿ ಪಾಯಸ ಬಡಿಸುವಾಗ ಸ್ಟೀಲ್ ಲೋಟಗಳನ್ನು ತೊಳೆಯುವ ಕೆಲಸಕ್ಕೆ ನಮ್ಮ ಯುವಕರು ಮುಂದೆ ಬರಲಿ. ಅದೂ ಸೇವೆಯೇ. ಇಷ್ಟೆಲ್ಲ ಮಾಡಲಾಗದ ದಿನವೂ ಬರುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಕೊಟ್ಟೆಯ ಹಾಲಲ್ಲದೆ ಬೇರೇನೂ ಸಿಗದಿದ್ದರೆ ಅದನ್ನೇ ಕೊಡಿ. ಹಸಿದವರಿಗೆ ಉಣಿಸುವುದು ಮೊದಲ ಆಜ್ಞೆ, ಪಾತ್ರೆಯ ಚಿಂತೆ ಅದರ ನಂತರದ್ದು.

ನಮ್ಮ ಕಡೆ ಕೊಟ್ಟೆ ಎಂದರೆ ಮೂಲದಲ್ಲಿ ಎಲೆಯದು. ಹಲಸಿನ ಎಲೆಯನ್ನು ಕಡ್ಡಿ ಚುಚ್ಚಿ ಕಟ್ಟಿ, ಹಿಟ್ಟು ಹೊಯ್ದು ಬೇಯಿಸುತ್ತಿದ್ದರು. ಹೆಸರನ್ನು ಮಾತ್ರ ಹಾಗೆಯೇ ಪ್ಲಾಸ್ಟಿಕ್ಕಿಗೆ ದಾಟಿಸಿದೆವು. ಎಲೆಯ ಕೊಟ್ಟೆಯಿಂದ ಕಡುಬಿಗೆ ಪರಿಮಳ ಇಳಿಯುತ್ತಿತ್ತು. ಪಾತ್ರೆಯಿಂದ ಆಹಾರಕ್ಕೆ ಏನಾದರೂ ಇಳಿದೇ ಇಳಿಯುತ್ತದೆ ಎಂಬುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಏನು ಇಳಿಯಬೇಕೆಂದು ನೋಡಿ ಅವರು ಪಾತ್ರೆಯನ್ನು ಆರಿಸುತ್ತಿದ್ದರು.

ಹೊಸ ದ್ರಾಕ್ಷಾರಸವನ್ನು ಹಳೆಯ ಬುದ್ದಲಿಗಳಲ್ಲಿ ತುಂಬುವುದಿಲ್ಲ ಎಂದು ಪ್ರಭು ಹೇಳಿದ ಸಾಮತಿಯಲ್ಲಿ ಒಂದು ಸಣ್ಣ ಕಾಳಜಿ ಇದೆ: ರಸವೂ ಉಳಿಯಬೇಕು, ಬುದ್ದಲಿಯೂ ಉಳಿಯಬೇಕು. ನಮ್ಮ ಈ ಸಣ್ಣ ವಿಷಯದಲ್ಲೂ ಎರಡೂ ಉಳಿಯಲಿ. ಕುಡಿಯುವ ಮಗುವಿನ ಹಾಲೂ ಶುದ್ಧವಾಗಿರಲಿ, ಮಾರುವ ಅಕ್ಕನ ಒಲೆಯೂ ಉರಿಯುತ್ತಿರಲಿ. ಮುಂದಿನ ಭಾನುವಾರ ಪೂಜೆಗೆ ಹೊರಡುವಾಗ ಪ್ರಾರ್ಥನಾ ಪುಸ್ತಕದ ಜೊತೆಗೆ ಒಂದು ಸ್ಟೀಲ್ ಡಬ್ಬವನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮರಳಿ ಬಂದು ತಾಯಿಗೆ ಹಾಲು ಕುಡಿಸುವಾಗ ನಿಮ್ಮ ಪ್ರೀತಿಯ ಜೊತೆ ಬೇರೇನೂ ಬೆರೆತಿರುವುದಿಲ್ಲ.

ಪ್ರಭುವಿನ ಆಶೀರ್ವಾದ ನಿಮ್ಮ ಮನೆಯ ಮೇಲಿರಲಿ.